ಮಾಡಿಫೈ ಮಾಡಿದ ಗೋ-ಕಾರ್ಟ್ ಎಂಜಿನ್‌ಗೆ ಯಾವ ಟಾರ್ಕ್ ಕನ್ವರ್ಟರ್: 30 ಸೀರೀಸಾ, 40 ಸೀರೀಸಾ?

ಪ್ರಶ್ನೆ: ಸರ್, ನಾವು ತುಮಕೂರಿನಲ್ಲಿ ಓದ್ತಾ ಇರೋ ನಾಲ್ಕು ಜನ ಫ್ರೆಂಡ್ಸ್. ಹೋಂಡಾ ಜಿಎಕ್ಸ್ 200 ಎಂಜಿನ್ ಹಾಕಿ ಗೋ-ಕಾರ್ಟ್ ಮಾಡಿದ್ದೇವೆ. ಗವರ್ನರ್ ತೆಗೆದು, ಕ್ಯಾಮ್ ಬದಲಾಯಿಸಿ, ದೊಡ್ಡ ಕಾರ್ಬುರೇಟರ್ ಕೂರಿಸಿದ್ದೇವೆ. ಸೆಂಟ್ರಿಫ್ಯೂಗಲ್ ಕ್ಲಚ್ ಪದೇ ಪದೇ ಸುಟ್ಟು ಹೋಗ್ತಿದೆ. ಟಾರ್ಕ್ ಕನ್ವರ್ಟರ್ ಹಾಕೋಣ ಅಂತಿದ್ದೇವೆ. 30 ಸೀರೀಸ್ ಸಾಕಾ, ಇಲ್ಲ ಪವರ್ ಜಾಸ್ತಿ ಆಗಿದೆ ಅಂತ 40 ತಗೋಬೇಕಾ?

ಉತ್ತರ: 30 ಸಾಕು. ಆದರೆ ಡಬ್ಬಿಯಿಂದ ತೆಗೆದ ಹಾಗೇ ಹಾಕಿದರೆ ನಡೆಯಲ್ಲ. ಒಳಗಿನ ಸ್ಪ್ರಿಂಗ್ ನಿಮ್ಮ ಎಂಜಿನ್‌ಗೆ ಹೊಂದಬೇಕು.

ಅದಕ್ಕೂ ಮುಂಚೆ ಒಂದು ಮಾತು. ಗವರ್ನರ್, ಅಂದರೆ ಎಂಜಿನ್ ಮಿತಿ ಮೀರಿ ಓಡದಂತೆ ತಡೆಯುವ ಭಾಗ, ತೆಗೆದಿದ್ದೇವೆ ಅಂದಿರಿ. ಫ್ಲೈವೀಲ್, ಕನೆಕ್ಟಿಂಗ್ ರಾಡ್ ಬದಲಾಯಿಸಿದ್ದೀರಾ? ಅದರ ಬಗ್ಗೆ ಒಂದಕ್ಷರವೂ ಬರೆದಿಲ್ಲ. ಕಂಪನಿಯಿಂದ ಬಂದ ಎರಕದ ಫ್ಲೈವೀಲ್ 3600 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಆಸುಪಾಸಿನಲ್ಲಿ ಕೆಲಸ ಮಾಡುವ ಎಂಜಿನ್‌ಗೆ ಅಂತ ಮಾಡಿದ್ದು. ಗವರ್ನರ್ ಇಲ್ಲದೆ ಎಂಜಿನ್ ಅದಕ್ಕಿಂತ ಎಷ್ಟೋ ಮೇಲೆ ಓಡುತ್ತದೆ, ಆಗ ಆ ಫ್ಲೈವೀಲ್ ಸಿಡಿದರೆ ಚೂರುಗಳು ಹಾರುವುದು ಡ್ರೈವರ್ ಕೂತಿರುವ ಜಾಗದ ಪಕ್ಕದಲ್ಲೇ. ದುಡ್ಡು ಒಂದಕ್ಕೇ ಸಾಲುವುದಾದರೆ ಮೊದಲು ಬಿಲೆಟ್ (ಎರಕ ಹೊಯ್ಯದೆ ಗಟ್ಟಿ ಲೋಹದಿಂದ ಕಡೆದ) ಫ್ಲೈವೀಲ್ ಮತ್ತು ರಾಡ್ ತಗೊಳ್ಳಿ, ಕನ್ವರ್ಟರ್ ಆಮೇಲೆ. ಅಲ್ಲಿಯವರೆಗೆ ಗವರ್ನರ್ ವಾಪಸ್ ಕೂರಿಸಿ ಓಡಿಸಿ. ಇದರಲ್ಲಿ ರಾಜಿ ಬೇಡ.

ಈಗ ವಿಷಯಕ್ಕೆ ಬರೋಣ. ಆಟೋಮ್ಯಾಟಿಕ್ ಕಾರಿನಲ್ಲಿ ಇರುವ, ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರೇ ಬೇರೆ. ಕಾರ್ಟ್‌ನಲ್ಲಿ ಇರುವುದು ಎರಡು ಪುಲ್ಲಿ, ಒಂದು ಬೆಲ್ಟ್. ಕ್ರ್ಯಾಂಕ್ ಶಾಫ್ಟ್ ಮೇಲೆ ಕೂರುವುದು ಡ್ರೈವರ್ ಪುಲ್ಲಿ. ಎಂಜಿನ್ ವೇಗ ಏರಿದ ಹಾಗೆ ಅದರೊಳಗಿನ ತೂಕಗಳು ಹೊರಕ್ಕೆ ತಳ್ಳಿಕೊಂಡು, ಸ್ಪ್ರಿಂಗನ್ನು ಅದುಮಿ, ಎರಡು ತಟ್ಟೆಗಳನ್ನು ಹತ್ತಿರ ತರುತ್ತವೆ, ಬೆಲ್ಟ್ ಮೇಲಕ್ಕೆ ಏರುತ್ತದೆ. ಇನ್ನೊಂದು ತುದಿಯಲ್ಲಿ ಜ್ಯಾಕ್ ಶಾಫ್ಟ್, ಅಂದರೆ ಚೈನ್ ಮೂಲಕ ಆಕ್ಸಲ್ ತಿರುಗಿಸುವ ನಡುವಿನ ಶಾಫ್ಟ್ ಮೇಲೆ ಡ್ರಿವನ್ ಪುಲ್ಲಿ. ಅಲ್ಲಿ ಬೆಲ್ಟ್ ಕೆಳಕ್ಕೆ ಇಳಿಯುತ್ತದೆ. 30 ಸೀರೀಸ್‌ನಲ್ಲಿ ಹೊರಡುವಾಗ ಎಂಜಿನ್ ಸುಮಾರು 2.7 ಸುತ್ತು ತಿರುಗಿದರೆ ಜ್ಯಾಕ್ ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಪೂರ್ತಿ ವೇಗದಲ್ಲಿ ಅದು 0.9ಕ್ಕೆ ಬರುತ್ತದೆ. ನಿಮ್ಮ ಕ್ಲಚ್ ಸುಡುತ್ತಿರುವುದು ಇದಕ್ಕೇ. ಅದಕ್ಕೆ ಇರುವುದು ಒಂದೇ ಅನುಪಾತ. ಹೊರಡುವಾಗ ಭಾರ ಎಳೆಯಲು ಆಗದೆ ಜಾರುತ್ತದೆ, ಜಾರಿದಷ್ಟೂ ಕಾಯುತ್ತದೆ.

ಹೊಸ ಜಿಎಕ್ಸ್ 200ರ ಗರಿಷ್ಠ ಟಾರ್ಕ್ 12.4 ನ್ಯೂಟನ್ ಮೀಟರ್, ಅದು ಸಿಗುವುದು 2500 ಆರ್‌ಪಿಎಂನಲ್ಲಿ. ಕನ್ವರ್ಟರ್ ಜೊತೆ ಬರುವ ಸ್ಪ್ರಿಂಗ್ 2000ದ ಆಸುಪಾಸಿನಲ್ಲಿ ಬೆಲ್ಟ್ ಹಿಡಿಯುವ ಹಾಗೆ ಇರುತ್ತದೆ. ಮುಟ್ಟದ ಎಂಜಿನ್‌ಗೆ ಇದು ಸರಿಯಾಗಿ ಕೂರುತ್ತದೆ. ನೀವು ಕ್ಯಾಮ್ (ವಾಲ್ವ್ ತೆರೆದು ಮುಚ್ಚಿಸುವ ಭಾಗ) ಬದಲಾಯಿಸಿದ ಕೂಡಲೇ ಎಂಜಿನ್‌ನ ಬಲ ಮೇಲಿನ ಆರ್‌ಪಿಎಂಗೆ ಹೋಯಿತು. ಕೆಳಗೆ ಅದು ಮೊದಲಿಗಿಂತ ಬಡವಾಯಿತು. ಈಗ 2000ದಲ್ಲೇ ಬೆಲ್ಟ್ ಹಿಡಿದರೆ ಎಂಜಿನ್ ಉಸಿರು ಕಟ್ಟಿದ ಹಾಗೆ ಮುಗ್ಗರಿಸುತ್ತದೆ. ಇನ್ನೊಂದು ತಾಪತ್ರಯ ಇದೆ. ಇಂಥ ಕ್ಯಾಮ್ ಹಾಕಿದಾಗ ಐಡ್ಲಿಂಗ್ ಕೆಳಗೆ ನಿಲ್ಲಲ್ಲ, ಸ್ವಲ್ಪ ಏರಿಸಲೇಬೇಕು. ಐಡ್ಲಿಂಗ್ 1800 ಆಯಿತು, ಬೆಲ್ಟ್ ಹಿಡಿಯುವುದು 2000 ಆಯಿತು ಅಂದರೆ ಮಧ್ಯೆ ಜಾಗವೇ ಇಲ್ಲ. ಬ್ರೇಕ್ ಒತ್ತಿ ನಿಂತಿರುವಾಗಲೂ ಬೆಲ್ಟ್ ಉಜ್ಜುತ್ತಾ ಇರುತ್ತದೆ.

ಅದಕ್ಕೇ ಹೇಳಿದ್ದು, ನಿಮಗೆ ಬೇಕಿರುವುದು ಒಂದು ಮಟ್ಟ ಗಟ್ಟಿಯಾದ ಡ್ರೈವರ್ ಪುಲ್ಲಿ ಸ್ಪ್ರಿಂಗ್. ದೊಡ್ಡ ಪುಲ್ಲಿ ಹಾಕಿದರೆ ಈ ತೊಂದರೆ ಹೋಗಲ್ಲ. 40 ಸೀರೀಸ್ ಅಗಲ ಬೆಲ್ಟಿನದು, ಭಾರ ಜಾಸ್ತಿ, ಜಿಎಕ್ಸ್ 390 ಥರದ ದೊಡ್ಡ ಎಂಜಿನ್‌ಗೆ ಹೇಳಿ ಮಾಡಿಸಿದ್ದು. ಅದರ ಡ್ರೈವರ್ ಪುಲ್ಲಿ ಕೂರುವುದು ಒಂದು ಇಂಚಿನ, ಅಂದರೆ 25.4 ಮಿಮೀ ಶಾಫ್ಟ್‌ಗೆ. 200ರ ಶಾಫ್ಟ್ ಸಾಮಾನ್ಯವಾಗಿ ಮುಕ್ಕಾಲು ಇಂಚು. ಬುಶ್ ಹೊಡೆದು ಕೂರಿಸಿದರೂ ಅಷ್ಟು ಭಾರ ತಿರುಗಿಸಲೇ ಸಣ್ಣ ಎಂಜಿನ್ನಿನ ಬಲ ಹೋಗುತ್ತದೆ, ಕ್ರ್ಯಾಂಕ್ ಬೇರಿಂಗ್‌ಗೂ ಹೊರೆ. ಹಾಗಂತ 30 ಎಲ್ಲವನ್ನೂ ತಡೆಯುತ್ತದೆ ಅಂತಲೂ ಅಲ್ಲ. ಅದನ್ನು ಸುಮಾರು 8 ಎಚ್‌ಪಿ ತನಕ ಅಂತ ಹೇಳುತ್ತಾರೆ. ಮುಂದೆ ಹೆಡ್ ಕೆಲಸ, ಇನ್ನೂ ದೊಡ್ಡ ಕ್ಯಾಮ್ ಅಂತ ಹೋದರೆ ಬೆಲ್ಟ್ ಬೇಗ ಬೇಗ ತಿನ್ನುತ್ತದೆ. ಆಗ ಬೇಕಾದರೆ ದೊಡ್ಡದರ ಬಗ್ಗೆ ಮಾತಾಡೋಣ.

ಕೊಳ್ಳುವ ಮುಂಚೆ ವರ್ನಿಯರ್ ಹಿಡಿದು ಶಾಫ್ಟ್ ಅಳೆಯಿರಿ. ಮುಕ್ಕಾಲು ಇಂಚು ಅಂದರೆ 19.05 ಮಿಮೀ. ಇದೇ ಥರದ ಎಂಜಿನ್‌ಗಳು 20 ಮಿಮೀ ಶಾಫ್ಟ್‌ನಲ್ಲೂ ಬರುತ್ತವೆ, ಕಣ್ಣಿಗೆ ವ್ಯತ್ಯಾಸ ಗೊತ್ತೇ ಆಗಲ್ಲ. ಪಂಪ್‌ಸೆಟ್‌ನಿಂದ ಬಿಚ್ಚಿದ ಎಂಜಿನ್ ಆಗಿದ್ದರೆ ಶಾಫ್ಟ್ ತುದಿಯಲ್ಲಿ ಥ್ರೆಡ್ ಇದ್ದರೂ ಇರಬಹುದು, ಕೀ-ವೇ (ಪುಲ್ಲಿ ಜಾರದಂತೆ ಕೀಲಿ ಕೂರಿಸುವ ಸೀಳು) ಇಲ್ಲದೇ ಇರಬಹುದು. 20 ಇದ್ದರೆ ಅಂತರಸನಹಳ್ಳಿ ಕಡೆ ಯಾವುದಾದರೂ ಒಳ್ಳೆ ಲೇತ್‌ನಲ್ಲಿ ಪುಲ್ಲಿಯ ತೂತು ಬೋರ್ ಮಾಡಿಸಿ, ಕೀ-ವೇ ಕೂಡ ಸರಿಯಾಗಿ ಮಾಡಿಸಿ. ಕ್ರ್ಯಾಂಕ್ ಶಾಫ್ಟನ್ನು ಮಾತ್ರ ಅರದಿಂದ ಉಜ್ಜಬೇಡಿ.

ಆಕ್ಟಿವಾ ಗುಜರಿಯಿಂದ ವೇರಿಯೇಟರ್ (ಸ್ಕೂಟರಿನಲ್ಲಿ ಇದೇ ಕೆಲಸ ಮಾಡುವ ಪುಲ್ಲಿ) ತಂದು ಹಾಕಬಹುದಾ ಅಂತ ನಿಮ್ಮಲ್ಲೂ ಯಾರಾದರೂ ಕೇಳಿರುತ್ತಾರೆ. ಕೋಲಾರದ ನರಸಾಪುರದಲ್ಲೇ 2013ರಿಂದ ಹೋಂಡಾ ಗಾಡಿಗಳು ತಯಾರಾಗುತ್ತಿವೆ, ಪಾರ್ಟ್ಸ್ ಎಲ್ಲ ಕಡೆ ಸಿಗುತ್ತವೆ, ಆಸೆ ಆಗುವುದು ಸಹಜ. ಆದರೆ ಸ್ಕೂಟರ್ ಎಂಜಿನ್ ಪೂರ್ತಿ ಪವರ್ ಕೊಡುವುದು 8000 ಆರ್‌ಪಿಎಂ ಹತ್ತಿರ, ಅದರ ರೋಲರ್ ತೂಕ, ಸ್ಪ್ರಿಂಗ್ ಎಲ್ಲ ಆ ಲೆಕ್ಕಕ್ಕೆ. ನಿಮ್ಮ ಎಂಜಿನ್ ಅಲ್ಲಿಗೆ ಹೋಗುವುದೇ ಇಲ್ಲ. ರೋಲರ್ ಭಾರ ಮಾಡಿ ಹೊಂದಿಸಬಹುದು, ಆದರೆ ಅದು ಬೇರೆಯೇ ಪ್ರಾಜೆಕ್ಟ್.

ಹಾಕಿದ ಮೇಲೆ ಸ್ಪ್ರಿಂಗ್ ಸರಿಯಾಯಿತಾ ಅಂತ ನೋಡುವುದು ಹೇಗೆ? ಪ್ಲಗ್ ವಯರ್‌ಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ ಒಂದು ತಗೊಳ್ಳಿ. ಈ ಎಂಜಿನ್ ಪ್ರತಿ ಸುತ್ತಿಗೂ ಕಿಡಿ ಕೊಡುತ್ತದೆ, ಮೀಟರನ್ನು ಹಾಗೇ ಸೆಟ್ ಮಾಡಿ, ಇಲ್ಲದಿದ್ದರೆ ದುಪ್ಪಟ್ಟು ತೋರಿಸುತ್ತದೆ. ಖಾಲಿ ಮೈದಾನದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಪೂರ್ತಿ ಥ್ರಾಟಲ್ ಕೊಟ್ಟು ಹೊರಡಿ. ಸಾರ್ವಜನಿಕ ರಸ್ತೆಗೆ ಬೇಡ. ಕಾರ್ಟ್ ಯಾವ ಆರ್‌ಪಿಎಂನಲ್ಲಿ ಅಲುಗಿತು, ವೇಗ ಹಿಡಿಯುವಾಗ ಮೀಟರ್ ಎಲ್ಲಿ ನಿಂತಿತು, ಇವೆರಡು ನೋಡಿ. ಹೊರಟ ಕೂಡಲೇ ಆರ್‌ಪಿಎಂ ಕುಸಿದರೆ ಸ್ಪ್ರಿಂಗ್ ಇನ್ನೂ ಮೆತ್ತಗಿದೆ. ಎಂಜಿನ್ ಕಿರುಚುತ್ತಿದೆ, ಗಾಡಿ ಏಳುತ್ತಿಲ್ಲ ಅಂದರೆ ಅತಿ ಗಟ್ಟಿ ಆಗಿದೆ, ಇಲ್ಲವೇ ಬೆಲ್ಟ್ ಜಾರುತ್ತಿದೆ. ಹೊರಡುವುದು ಚೆನ್ನಾಗಿದ್ದು ಮಧ್ಯದಲ್ಲಿ ಬೇಗ ಸೋಲುತ್ತಿದ್ದರೆ ಡ್ರಿವನ್ ಪುಲ್ಲಿಯ ಸ್ಪ್ರಿಂಗ್ ತುದಿಯನ್ನು ಮುಂದಿನ ತೂತಿಗೆ ಸಿಕ್ಕಿಸಿ ಬಿಗಿ ಮಾಡಿ.

ಮೇಲಿನ ವೇಗ ಸ್ಪ್ರಾಕೆಟ್ ಕೈಯಲ್ಲಿದೆ. ಜ್ಯಾಕ್ ಶಾಫ್ಟ್‌ನಲ್ಲಿ 10 ಹಲ್ಲು, ಆಕ್ಸಲ್‌ನಲ್ಲಿ 60 ಹಲ್ಲು, ಹಿಂದೆ 11 ಇಂಚಿನ ಟೈರ್ ಅಂತ ಇಟ್ಟುಕೊಳ್ಳಿ. 3600 ಆರ್‌ಪಿಎಂಗೆ ಗಂಟೆಗೆ 35 ಕಿಮೀ, 5000ಕ್ಕೆ ಸುಮಾರು 49 ಕಿಮೀ ಬರುತ್ತದೆ. ಇದು ಲೆಕ್ಕದ ವೇಗ, ನೆಲದ ಮೇಲೆ ಸ್ವಲ್ಪ ಕಡಿಮೆ. ಇದಕ್ಕಿಂತ ಜಾಸ್ತಿ ಬೇಕು ಅಂತ ಆಕ್ಸಲ್ ಸ್ಪ್ರಾಕೆಟ್ ತುಂಬಾ ಚಿಕ್ಕದು ಮಾಡಿದರೆ ಬೆಲ್ಟ್ ಮತ್ತೆ ಸುಡಲು ಶುರು.

ಬೆಲ್ಟ್ ಬಗ್ಗೆ ಜಾಗ್ರತೆ. ಹಿಟ್ಟಿನ ಗಿರಣಿಗೆ ಹಾಕುವ ಎ-ಸೆಕ್ಷನ್ ಬೆಲ್ಟ್ 13 ಮಿಮೀ ಅಗಲ, ಇದಕ್ಕೆ ಬೇಕಿರುವುದು ಸುಮಾರು 19. ಅಗ್ಗ ಅಂತ ಅದನ್ನು ತುರುಕಬೇಡಿ. 30 ಸೀರೀಸ್‌ನ ಬೆಲ್ಟಿಗೆ ಒಂದು ಬದಿ ನೆಟ್ಟಗೆ, ಇನ್ನೊಂದು ಬದಿ ಓರೆ ಇರುತ್ತದೆ, ನೆಟ್ಟಗಿನ ಬದಿ ಎಂಜಿನ್ ಕಡೆಗೆ ಬರಬೇಕು. ಪುಲ್ಲಿಗೆ ಗ್ರೀಸ್ ತಾಗಬಾರದು. ಡ್ರೈವರ್ ಪುಲ್ಲಿಯ ಬುಶ್‌ಗೆ ಒಣ ಲೂಬ್ರಿಕಂಟ್ ಮಾತ್ರ. ಕವರ್ ಹಾಕದೆ ಓಡಿಸಲೇಬೇಡಿ, ನಮ್ಮ ಕಡೆಯ ಕೆಂಪು ಧೂಳು ಒಂದೆಡೆ, ಬೆರಳು ಸಿಕ್ಕಿಕೊಳ್ಳುವ ಭಯ ಇನ್ನೊಂದೆಡೆ.

ವಾರಕ್ಕೊಮ್ಮೆ ಕವರ್ ಬಿಚ್ಚಿ ಬೆಲ್ಟನ್ನು ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿ. ಬದಿಗಳು ಮಂಕಾಗಿ, ಒಂದೇ ಸಮ ಇರಬೇಕು. ಗಾಜಿನ ಹಾಗೆ ಮಿನುಗುತ್ತಿದ್ದರೆ ಜಾರಿ ಕಾದಿದೆ ಅಂತ ಅರ್ಥ. ಒಂದೇ ಕಡೆ ತೆಳ್ಳಗೆ ಸವೆದು ಸೊಂಟ ಬಂದಿದ್ದರೆ, ಯಾರೋ ಬ್ರೇಕ್ ಒತ್ತಿಕೊಂಡೇ ಥ್ರಾಟಲ್ ಕೊಟ್ಟಿದ್ದಾರೆ. ಆ ಬೆಲ್ಟ್ ಹೊರಡುವಾಗ ಟಕ್ ಟಕ್ ಅಂತ ಒದೆಯುತ್ತದೆ, ಅದನ್ನು ಸರಿ ಮಾಡಲು ಆಗಲ್ಲ, ಬದಲಾಯಿಸಬೇಕು. ಕೊಳ್ಳುವಾಗಲೇ ಒಂದು ಬೆಲ್ಟ್ ಜಾಸ್ತಿ ತಗೊಂಡಿಟ್ಟಿರಿ.