ಮಂಡಿಯ ಗಾದಿಗೆ ಹೊಲಿಗೆ

ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ಅಭಿಮನ್ಯುವಿನ ವೇಷಧಾರಿ ಮಂಡಿಯೂರಿ ಗಿರ್ರನೆ ಸುತ್ತತೊಡಗಿದರೆ ಶಿರಸಿ, ಯಲ್ಲಾಪುರ, ಹೊನ್ನಾವರದ ಪ್ರೇಕ್ಷಕರು ಸುತ್ತುಗಳನ್ನು ಎಣಿಸುತ್ತಾರೆ. ಮೈಭಾರ ಹೊತ್ತು ಮಡಚಿಕೊಂಡ ಮಂಡಿ ಅದೇ ಸ್ಥಿತಿಯಲ್ಲಿ ತಿರುಚಿಕೊಳ್ಳುವುದು ಅದರೊಳಗಿನ ಮೆನಿಸ್ಕಸ್ ಎಂಬ ಗಾದಿಗೆ ಅತ್ಯಂತ ಅಪಾಯದ ಗಳಿಗೆ. ಅಡಿಕೆ ಕೊನೆ ಕೊಯ್ದು ಮರದಿಂದಿಳಿದ ಕೊನೆಗಾರ ತೋಟದ ಜಾರುನೆಲದಲ್ಲಿ ಪಾದ ಊರಿ ಮೈ ಹೊರಳಿಸಿದಾಗಲೂ ಅದು ಹರಿಯಬಹುದು. ವಯಸ್ಸಾದವರಿಗಾದರೆ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತ ಕೂತವರು ಎದ್ದು ನಿಲ್ಲುವುದಷ್ಟೇ ಸಾಕಾಗುತ್ತದೆ.

ತೊಡೆಯ ಎಲುಬಿನ ಕೆಳತುದಿ ದುಂಡಗಿದೆ, ಅದನ್ನು ಹೊರುವ ಕಣಕಾಲ ಎಲುಬಿನ ನೆತ್ತಿ ಹೆಚ್ಚುಕಡಿಮೆ ಚಪ್ಪಟೆಯಾಗಿದೆ. ಇವೆರಡರ ನಡುವಿನ ತೆರಪಿನಲ್ಲಿ ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು ಎಂದು ಅರ್ಧಚಂದ್ರಾಕಾರದ ಎರಡು ಮೃದ್ವಸ್ಥಿಗಳು ಬೆಣೆಯಂತೆ ಕೂತಿವೆ. ತೂಕದಲ್ಲಿ ಶೇ 70ರಷ್ಟು ನೀರೇ ಇರುವ ಇವು ಕಾಲು ನೇರವಿದ್ದಾಗ ಕೀಲಿನ ಭಾರದ ಸುಮಾರು ಅರ್ಧವನ್ನು, ಮಂಡಿ 90 ಡಿಗ್ರಿ ಮಡಚಿದಾಗ ಸುಮಾರು ಶೇ 85ನ್ನು ಹಂಚಿಕೊಳ್ಳುತ್ತವೆ. ಮಂಡಿ ಮಡಚಿದಂತೆಲ್ಲ ಎರಡೂ ಹಿಂದಕ್ಕೆ ಸರಿಯುತ್ತವೆ. ಆದರೆ ಒಳಮಗ್ಗುಲಿನದು ಪಕ್ಕದ ಅಸ್ಥಿರಜ್ಜುವಿಗೆ ಅಂಟಿಕೊಂಡಿರುವುದರಿಂದ ಅಷ್ಟು ಸಲೀಸಾಗಿ ಸರಿಯಲಾರದೆ ಹೆಚ್ಚಾಗಿ ಅದೇ ಹರಿಯುತ್ತದೆ.

ಹರಿದದ್ದು ಕೂಡೀತೇ ಎಂಬುದು ನೆತ್ತರು ಎಲ್ಲಿಯವರೆಗೆ ತಲುಪುತ್ತದೆ ಎಂಬುದನ್ನು ಅವಲಂಬಿಸಿದೆ. ವಯಸ್ಕರಲ್ಲಿ ಮೆನಿಸ್ಕಸ್ಸಿನ ಹೊರಅಂಚಿನ ಕಾಲುಭಾಗದಷ್ಟಕ್ಕೆ ಮಾತ್ರ ರಕ್ತನಾಳಗಳಿವೆ. ಉಳಿದ ಒಳಭಾಗ ಕೀಲಿನ ದ್ರವದಿಂದ ಜಿನುಗುವ ಪೋಷಣೆಯಲ್ಲಿಯೇ ಬದುಕುತ್ತದೆ. ಆದ್ದರಿಂದ ಶಸ್ತ್ರವೈದ್ಯರು ಅದನ್ನು ಕೆಂಪು ವಲಯ, ಬಿಳಿ ವಲಯ ಎಂದು ವಿಂಗಡಿಸಿಕೊಂಡು, ಕೆಂಪಿನಲ್ಲಿ ಅಥವಾ ಎರಡರ ಗಡಿಯಲ್ಲಿ ಆದ ಉದ್ದುದ್ದ ಹರುಕನ್ನು ಹೊಲಿಯಲು ಮುಂದಾಗುತ್ತಾರೆ, ಬಿಳಿಯಲ್ಲಿ ಚಿಂದಿಯಾದ ಚೂರನ್ನು ಸಾಮಾನ್ಯವಾಗಿ ಕತ್ತರಿಸಿ ತೆಗೆಯುತ್ತಾರೆ.

ಈ ವಿವೇಕ ಬರಲು ಬಹಳ ಕಾಲ ಹಿಡಿಯಿತು. 1883ರಲ್ಲಿಯೇ ಎಡಿನ್‌ಬರೋದ ಶಸ್ತ್ರವೈದ್ಯ ಥಾಮಸ್ ಅನಂಡೇಲ್ ಒಬ್ಬ ಗಣಿ ಕಾರ್ಮಿಕನ ಮೆನಿಸ್ಕಸ್ಸನ್ನು ಹೊಲಿದಿದ್ದರು. ಆದರೂ ಅದೊಂದು ಕೆಲಸಕ್ಕೆ ಬಾರದ ಅವಶೇಷವೆಂದು ಬಗೆದು ಇಡಿಯಾಗಿ ಕಿತ್ತು ಹಾಕುವ ಪದ್ಧತಿಯೇ ದಶಕಗಳ ಕಾಲ ನಡೆಯಿತು. ಹಾಗೆ ಕಿತ್ತ ಮಂಡಿಗಳ ಎಕ್ಸ್‌ರೇಯಲ್ಲಿ ಎಲುಬಿನ ಆಕಾರವೇ ಬದಲಾಗುವುದನ್ನು 1948ರಲ್ಲಿ ಫೇರ್‌ಬ್ಯಾಂಕ್ ಎಂಬ ವೈದ್ಯರು ತೋರಿಸಿದ ಮೇಲೆ ಅನುಮಾನ ಹುಟ್ಟಿತು. ಮುಂದೆ 1969ರಲ್ಲಿ ಟೋಕಿಯೋದ ಹಿರೋಶಿ ಇಕೆಯುಚಿ ಕೀಲಿನೊಳಗೆ ತೂರಿಸಿದ ದುರ್ಬೀನಿನ ಮೂಲಕ ಹೊಲಿಗೆ ಹಾಕಿದರು.

ಇಂದಿನ ಕ್ರಮವೂ ಅದರ ಮುಂದುವರಿಕೆಯೇ. ಮಂಡಿಚಿಪ್ಪಿನ ಕೆಳಗೆ ಎರಡು ಸಣ್ಣ ರಂಧ್ರ ಮಾಡಿ, ಒಂದರಿಂದ 4 ಮಿ.ಮೀ. ದಪ್ಪದ ಕ್ಯಾಮೆರಾ ನಳಿಕೆ, ಇನ್ನೊಂದರಿಂದ ಉಪಕರಣಗಳನ್ನು ಒಳಗಿಟ್ಟು, ಸಲೈನ್ ತುಂಬಿ ಕೀಲನ್ನು ಉಬ್ಬಿಸುತ್ತಾರೆ. ಹರಿದ ಅಂಚುಗಳನ್ನು ಮೊದಲು ಉಜ್ಜಿ ಕೆರಳಿಸುತ್ತಾರೆ. ಹಳೆಯ ಗಾಯ ತನ್ನನ್ನು ಹೊಸದೆಂದು ನಂಬಿದರೆ ಮಾತ್ರ ಮಾಯಲು ಶುರುಮಾಡುತ್ತದೆ ಎನ್ನಬಹುದು. ಬಳಿಕ ದಾರ ಹಾಯಿಸಿ ಬಿಗಿಯುತ್ತಾರೆ. ಮುರಿದ ಬಕೆಟ್ಟಿನ ಹಿಡಿಯಂತೆ ಮಗುಚಿ ಕೀಲಿನ ನಡುವೆ ಸಿಕ್ಕಿಬಿದ್ದು ಮಂಡಿ ಚಾಚಲಾಗದಂತೆ ಮಾಡಿದ ಹರುಕನ್ನು ಮಾತ್ರ ತಡಮಾಡದೆ ಸರಿಪಡಿಸಬೇಕಾಗುತ್ತದೆ. ವಯಸ್ಸಿನಿಂದ ಸವೆದು ಹರಿದದ್ದರ ಕಥೆ ಬೇರೆ. ಫಿನ್ಲೆಂಡಿನಲ್ಲಿ 146 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹರಿದ ಚೂರನ್ನು ತೆಗೆಸಿಕೊಂಡವರಿಗೂ ರಂಧ್ರ ಮಾಡಿ ಸುಮ್ಮನೆ ಬಿಟ್ಟವರಿಗೂ ಒಂದು ವರ್ಷದ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎಂಆರ್‌ಐ ವರದಿಯಲ್ಲಿ ‘ಹರಿದಿದೆ’ ಎಂದು ಓದಿದ ಕೂಡಲೇ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡುವ ಐವತ್ತೈದರ ಯಜಮಾನರು ಇದನ್ನು ಅರಿತಿರುವುದು ಒಳ್ಳೆಯದು.

ಚೂರನ್ನು ತೆಗೆಸಿಕೊಂಡವರು ಕೆಲವೇ ವಾರಗಳಲ್ಲಿ ತಿರುಗಾಡುತ್ತಾರೆ. ಹೊಲಿಸಿಕೊಂಡವರಿಗೆ ತಿಂಗಳುಗಳು ಬೇಕು. ಗಾದಿ ಉಳಿಯುತ್ತದೆಂಬ ಕಾರಣಕ್ಕೆ ಈ ನಿಧಾನವನ್ನು ಒಪ್ಪಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಅಷ್ಟಾಗಿಯೂ ಐದು ವರ್ಷಗಳಾಚೆ ನೋಡಿದರೆ ನಾಲ್ಕೈದು ಹೊಲಿಗೆಗಳಲ್ಲಿ ಒಂದು ವಿಫಲವಾಗಿರುತ್ತದೆ. ಮೊದಲ ನಾಲ್ಕರಿಂದ ಆರು ವಾರ ಪಟ್ಟಿ ಕಟ್ಟಿ, ಊರುಗೋಲಿನಲ್ಲಿ, ವೈದ್ಯರು ಹೇಳಿದಷ್ಟೇ ಭಾರ ಹಾಕಿ ನಡೆಯಬೇಕು. ಮಂಡಿಯನ್ನು ಸಾಮಾನ್ಯವಾಗಿ 90 ಡಿಗ್ರಿ ಮೀರಿ ಮಡಚಬಾರದು, ಏಕೆಂದರೆ ಅದರಾಚೆ ಗಾದಿಯ ಹಿಂಬದಿ ಎಲುಬುಗಳ ನಡುವೆ ಅದುಮಿಕೊಂಡು ಹೊಲಿಗೆ ಜಗ್ಗುತ್ತದೆ. ಮಲಗಿದಲ್ಲಿಯೇ ತೊಡೆಯ ಸ್ನಾಯುವನ್ನು ಬಿಗಿಹಿಡಿದು ಬಿಡುವ, ಕಾಲನ್ನು ನೇರವಾಗಿ ಎತ್ತುವ ವ್ಯಾಯಾಮಗಳನ್ನು ಬಿಡಬಾರದು. ಬಳಸದ ತೊಡೆ ಬಹುಬೇಗ ಸೊರಗುತ್ತದೆ.

ನಮ್ಮ ಮನೆಗಳಿಗೆ ಈ ನಿಯಮ ಹೊಂದುವುದು ಕಷ್ಟ. ಊಟದ ಪಂಕ್ತಿ ನೆಲದ ಮೇಲೆ, ಅಡಿಕೆ ಸುಲಿತ ನೆಲದ ಮೇಲೆ, ಶೌಚ ಕುಕ್ಕರುಗಾಲಿನಲ್ಲಿ, ಮೆತ್ತಿಗೆ (ಅಟ್ಟಕ್ಕೆ) ಹತ್ತುವ ಏಣಿಯೋ ಕಡಿದು. ಶಸ್ತ್ರಕ್ರಿಯೆಯ ದಿನ ಗೊತ್ತಾಗುವ ಮೊದಲೇ ಕಮೋಡ್ ಕುರ್ಚಿಯೊಂದನ್ನು ತಂದಿಟ್ಟುಕೊಂಡವರು ಜಾಣರು. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನ ಇಕ್ಕಟ್ಟಿನ ಸೀಟಿನಲ್ಲಿ ಕಾಲು ಮಡಚಿ ಕೂರುವ ಪ್ರಯಾಣವನ್ನೂ ಆ ವಾರಗಳಲ್ಲಿ ತಪ್ಪಿಸಿದರೆ ಮೇಲು.

ಆರು ವಾರಗಳ ಬಳಿಕ ಪಟ್ಟಿ ಕಳಚುತ್ತದೆ, ಸೈಕಲ್ ತುಳಿತ ಬರುತ್ತದೆ, ನಾಲ್ಕೈದು ತಿಂಗಳಿಗೆ ಓಟ. ಕುಕ್ಕರುಗಾಲು, ಅದರಲ್ಲೂ ಭಾರ ಹೊತ್ತು ತಿರುಗುವ ಕೆಲಸ, ಎಲ್ಲಕ್ಕಿಂತ ಕಡೆಗೆ. ಮೇಳದ ತಿರುಗಾಟ ಮುಗಿದ ಮೇ ಕೊನೆಯಲ್ಲಿ ಹೊಲಿಗೆ ಹಾಕಿಸಿಕೊಂಡ ಕಲಾವಿದ ಮಳೆಗಾಲವಿಡೀ ವ್ಯಾಯಾಮ ಮಾಡಿದ್ದರೆ ದೀಪಾವಳಿಯ ನಂತರ ಗೆಜ್ಜೆ ಕಟ್ಟಬಹುದು. ಮೊದಮೊದಲು ನಿಂತು ಕುಣಿಯುವ ವೇಷಗಳಿಗೆ ಮಾತ್ರ. ಮಂಡಿ ಕುಣಿತಕ್ಕೆ ವೈದ್ಯರ ಒಪ್ಪಿಗೆ ಬೇಕು, ಮತ್ತು ಆ ಮಂಡಿಯಲ್ಲಿ ಇನ್ನು ಆ ಕುಣಿತವೇ ಬೇಡ ಎಂದೂ ಅವರು ಹೇಳಬಹುದು.