ನಿಂತ ನೆಲ ಯಾರದು? ಫೋಟೊ ತೆಗೆಯುವ ಹಕ್ಕು ಬೆಳೆದು ಬಂದ ದಾರಿ

"ಇಲ್ಲಿ ಫೋಟೊ ತೆಗೆಯೋ ಹಾಗಿಲ್ಲ." ಕ್ಯಾಮೆರಾ ಹಿಡಿದು ಓಡಾಡುವ ಎಲ್ಲರಿಗೂ ಈ ಮಾತು ಗೊತ್ತು. ಹೇಳುವವರು ಒಮ್ಮೆ ಪೊಲೀಸರು, ಒಮ್ಮೆ ಸೆಕ್ಯುರಿಟಿ ಗಾರ್ಡ್, ಇನ್ನೊಮ್ಮೆ ಸುಮ್ನೆ ದಾರಿಯಲ್ಲಿ ಹೋಗುತ್ತಿದ್ದವರು. ಯಾವ ಕಾನೂನಿನ ಪ್ರಕಾರ ಅಂತ ಕೇಳಿದರೆ ಉತ್ತರ ಸಿಗುವುದು ಅಪರೂಪ. ಕೇಳಿಸಿಕೊಂಡವರಿಗೂ ತಮ್ಮ ಹಕ್ಕು ಎಲ್ಲಿಯವರೆಗೆ ಇದೆ ಅನ್ನುವುದು ಗೊತ್ತಿರುವುದಿಲ್ಲ. ಕ್ಯಾಮೆರಾ ಒಳಗಿಟ್ಟು ಹೊರಟುಬಿಡುತ್ತಾರೆ.

ಈ ಗೊಂದಲಕ್ಕೆ ಕಾರಣ ಇದೆ. ಫೋಟೊ ತೆಗೆಯುವ ಹಕ್ಕು ಇಷ್ಟು, ಹೀಗೆ ಅಂತ ಬಹುತೇಕ ದೇಶಗಳಲ್ಲಿ ಯಾರೂ ಒಂದೇ ಕಡೆ ಬರೆದಿಟ್ಟಿಲ್ಲ. ಒಂದೊಂದು ಜಗಳ ಕೋರ್ಟಿಗೆ ಹೋದಾಗಲೂ ಅದಕ್ಕೆ ಒಂದಿಷ್ಟು ರೂಪ ಬಂದಿದೆ. ಆ ಜಗಳಗಳಲ್ಲಿ ಮೂರು ಪ್ರಶ್ನೆಗಳು ಯಾವಾಗಲೂ ಸಿಕ್ಕುಹಾಕಿಕೊಂಡಿರುತ್ತವೆ: ಎಲ್ಲಿ ನಿಂತು ತೆಗೆದಿರಿ, ಏನನ್ನು ತೆಗೆದಿರಿ, ತೆಗೆದ ಚಿತ್ರವನ್ನು ಏನು ಮಾಡಿದಿರಿ. ಮೊದಲು ಬಹಳ ವರ್ಷ ಜಗಳ ನಡೆದದ್ದು ಕೊನೆಯ ಪ್ರಶ್ನೆಯ ಮೇಲೆ. ಈಗ ನಿಜವಾದ ತೊಂದರೆ ಇರುವುದು ಮೊದಲನೆಯದರಲ್ಲಿ. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಅನ್ನುವುದು ನನ್ನ ಬೇಸರ.

ಫೋಟೊಗ್ರಫಿ ಜಗತ್ತಿಗೆ ಪರಿಚಯವಾದದ್ದು 1839ರಲ್ಲಿ. ಆಗ ಒಂದು ಮುಖ ಮೂಡಬೇಕಾದರೆ ಎದುರಿನವರು ಅಲ್ಲಾಡದೆ ಕೂತಿರಬೇಕಿತ್ತು. ಅವರಿಗೆ ಗೊತ್ತಿಲ್ಲದೆ ಫೋಟೊ ತೆಗೆಯುವುದು ಸಾಧ್ಯವೇ ಇರಲಿಲ್ಲ, ಹಾಗಾಗಿ ಒಪ್ಪಿಗೆಯ ಪ್ರಶ್ನೆಯೂ ಹೆಚ್ಚಾಗಿ ಏಳಲಿಲ್ಲ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಾಕ್ ಕ್ಯಾಮೆರಾ ತಂದಾಗ ಪರಿಸ್ಥಿತಿ ಬದಲಾಯಿತು. ಕೈಯಲ್ಲಿ ಹಿಡಿಯುವ ಪೆಟ್ಟಿಗೆ, ಒಳಗೆ 100 ಚಿತ್ರಗಳಿಗೆ ಸಾಲುವ ಫಿಲ್ಮ್. ಗುಂಡಿ ಒತ್ತಿದರೆ ಸಾಕು, ಉಳಿದದ್ದನ್ನು ಕಂಪನಿ ನೋಡಿಕೊಳ್ಳುತ್ತಿತ್ತು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾದ ಬೆಲೆ 1 ಡಾಲರ್. ಬೀದಿಯಲ್ಲಿ, ಕಡಲ ದಂಡೆಯಲ್ಲಿ ಯಾರು ಬೇಕಾದರೂ ಯಾರನ್ನು ಬೇಕಾದರೂ ಸೆರೆಹಿಡಿಯಬಹುದಾಯಿತು.

ಕಾನೂನು ಬಲ್ಲವರು ಬೇಗನೆ ಎಚ್ಚೆತ್ತರು. 1890ರಲ್ಲಿ ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್ ಎಂಬ ಇಬ್ಬರು ಅಮೆರಿಕನ್ ವಕೀಲರು ಹಾರ್ವರ್ಡ್ ಲಾ ರಿವ್ಯೂನಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಲೇಖನ ಬರೆದರು. ಕ್ಷಣಾರ್ಧದಲ್ಲಿ ತೆಗೆಯುವ ಫೋಟೊಗಳು ಮತ್ತು ಪತ್ರಿಕೆಗಳು ಮನೆಯೊಳಗಿನ ಬದುಕಿಗೆ ನುಗ್ಗುತ್ತಿವೆ ಅನ್ನುವುದು ಅವರ ಆತಂಕ. ಇವತ್ತಿಗೂ ಖಾಸಗಿತನದ ಚರ್ಚೆ ಶುರುವಾಗುವುದು ಆ ಲೇಖನದಿಂದಲೇ.

ಆದರೆ ಕಾನೂನನ್ನು ನಿಜಕ್ಕೂ ಕದಲಿಸಿದ್ದು ಎರಡು ಘಟನೆಗಳು.

ಮೊದಲನೆಯದು ಜರ್ಮನಿಯದು. 1898ರ ಜುಲೈ 30ರ ರಾತ್ರಿ ಮಾಜಿ ಚಾನ್ಸಲರ್ ಬಿಸ್ಮಾರ್ಕ್ ತಮ್ಮ ಮನೆಯಲ್ಲಿ ತೀರಿಕೊಂಡರು. ಕೆಲವೇ ಗಂಟೆಗಳಲ್ಲಿ ಇಬ್ಬರು ಫೋಟೊಗ್ರಾಫರ್‌ಗಳು ಒಳಗಿನವರ ನೆರವು ಪಡೆದು ಆ ಕೋಣೆಗೆ ನುಗ್ಗಿದರು. ಹಾಸಿಗೆಯ ಮೇಲಿದ್ದ ಶವದ ಫೋಟೊ ತೆಗೆದು ಮಾರಲು ಹೊರಟರು. ಮಕ್ಕಳು ಕೋರ್ಟಿಗೆ ಹೋದರು. ತೊಂದರೆ ಏನಾಯಿತೆಂದರೆ, ಒಬ್ಬರ ಚಿತ್ರದ ಮೇಲೆ ಅವರಿಗೆ ಅಥವಾ ಮನೆಯವರಿಗೆ ಹಕ್ಕಿದೆ ಎನ್ನುವ ಕಾನೂನೇ ಆಗ ಅಲ್ಲಿ ಇರಲಿಲ್ಲ. 1899ರಲ್ಲಿ ದೇಶದ ಅತ್ಯುನ್ನತ ಕೋರ್ಟ್ ಬೇರೆ ದಾರಿ ಹಿಡಿಯಿತು. ಮನೆಗೆ ನುಗ್ಗಿದ್ದು ಅಪರಾಧ, ಆ ಅಪರಾಧದಿಂದ ಕೈಗೆ ಬಂದದ್ದನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದಿತು. ಅಂದರೆ ಚಿತ್ರದ ಹಣೆಬರಹ ತೀರ್ಮಾನವಾದದ್ದು ತೆಗೆದವರು ಎಲ್ಲಿ ನಿಂತಿದ್ದರು ಅನ್ನುವುದರಿಂದ! ಕಾನೂನಿನ ಈ ಕೊರತೆಯನ್ನು ತುಂಬಲು 1907ರಲ್ಲಿ ಜರ್ಮನಿ ಹೊಸ ಕಾಯ್ದೆ ತಂದಿತು. ಒಬ್ಬರ ಚಿತ್ರವನ್ನು ಹಂಚಬೇಕಾದರೆ, ಸಾರ್ವಜನಿಕವಾಗಿ ತೋರಿಸಬೇಕಾದರೆ ಅವರ ಒಪ್ಪಿಗೆ ಬೇಕು. ಸಭೆ, ಮೆರವಣಿಗೆಯ ಚಿತ್ರಗಳಿಗೆ, ದೃಶ್ಯದ ಮಧ್ಯೆ ಸುಮ್ನೆ ಕಾಣಿಸಿಕೊಂಡವರಿಗೆ ವಿನಾಯಿತಿ. ಆ ನಿಯಮ ಈಗಲೂ ಇದೆ.

ಎರಡನೆಯದು ನ್ಯೂಯಾರ್ಕ್ ರಾಜ್ಯದ್ದು. ಹದಿಹರೆಯದ ಅಬಿಗೇಲ್ ರಾಬರ್ಸನ್ ಎಂಬ ಹುಡುಗಿಯ ಭಾವಚಿತ್ರ ಅವಳಿಗೆ ಗೊತ್ತಿಲ್ಲದೆಯೇ ಹಿಟ್ಟಿನ ಜಾಹೀರಾತಿನಲ್ಲಿ ಬಂತು. ಸುಮಾರು 25,000 ಪ್ರತಿಗಳು ಅಂಗಡಿ, ಗೋದಾಮುಗಳಲ್ಲಿ ನೇತಾಡಿದವು. ಗುರುತಿನವರು ಹಂಗಿಸತೊಡಗಿದರು, ಅವಳು ಕಾಯಿಲೆ ಬಿದ್ದಳು. 1902ರಲ್ಲಿ ರಾಜ್ಯದ ಮೇಲಿನ ಕೋರ್ಟ್ 4-3 ಬಹುಮತದಿಂದ ಅವಳ ದಾವೆಯನ್ನು ತಳ್ಳಿಹಾಕಿತು. ಜನ ರೊಚ್ಚಿಗೆದ್ದರು. ಮರುವರ್ಷವೇ ಶಾಸನಸಭೆ ಕಾನೂನು ಮಾಡಿ, ಬರಹದ ಒಪ್ಪಿಗೆ ಇಲ್ಲದೆ ಯಾರ ಚಿತ್ರವನ್ನೂ ಜಾಹೀರಾತಿಗೆ, ವ್ಯಾಪಾರಕ್ಕೆ ಬಳಸುವಂತಿಲ್ಲ ಎಂದಿತು.

ಗಮನಿಸಿ, ಎರಡೂ ಕಾನೂನುಗಳು ಫೋಟೊ ತೆಗೆಯುವುದನ್ನು ತಡೆಯಲಿಲ್ಲ. ತೆಗೆದದ್ದನ್ನು ಬಳಸುವುದಕ್ಕೆ ಮಾತ್ರ ಕಡಿವಾಣ ಹಾಕಿದವು. ಬೀದಿಯಲ್ಲಿ ಕಂಡದ್ದನ್ನು ಕಣ್ಣು ನೋಡುವ ಹಾಗೆ ಕ್ಯಾಮೆರಾ ಕೂಡ ನೋಡಬಹುದು, ಅದರಿಂದ ಇನ್ನೊಬ್ಬರನ್ನು ಹಿಂಸಿಸಬಾರದು, ಅವರ ಮುಖ ಮಾರಿ ದುಡ್ಡು ಮಾಡಬಾರದು. ಇದು ಸರಿಯಾದ ದಾರಿ ಅಂತಲೇ ನಾನು ನಂಬಿದ್ದೇನೆ. ಕ್ಲಿಕ್ಕಿಸುವುದನ್ನೇ ಅಪರಾಧ ಮಾಡಿದರೆ ಬೀದಿಯ ಬದುಕು ದಾಖಲಾಗುವುದೇ ನಿಂತುಹೋಗುತ್ತದೆ.

ಎಲ್ಲ ಕಡೆಯೂ ತೀರ್ಪು ಒಂದೇ ರೀತಿ ಬಂದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ 17 ವರ್ಷದ ಹುಡುಗಿಯೊಬ್ಬಳು ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದಾಗ ತೆಗೆದ ಫೋಟೊ ಕಲಾ ಪತ್ರಿಕೆಯೊಂದರಲ್ಲಿ ಬಂತು. ಅದರಲ್ಲಿ ಅವಮಾನ ಆಗುವಂಥದ್ದೇನೂ ಇರಲಿಲ್ಲ. ಆದರೂ 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹುಡುಗಿಯ ಪರ ನಿಂತು, 2,000 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು. ನ್ಯೂಯಾರ್ಕ್‌ನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಫಿಲಿಪ್-ಲೋರ್ಕಾ ಡಿಕೋರ್ಸಿಯಾ ಎಂಬ ಫೋಟೊಗ್ರಾಫರ್ ಟೈಮ್ಸ್ ಸ್ಕ್ವೇರ್‌ನಲ್ಲಿ ಫ್ಲ್ಯಾಶ್ ಕಟ್ಟಿ, ದೂರದಿಂದ ದಾರಿಹೋಕರ ಮುಖಗಳನ್ನು ಅವರಿಗೆ ಗೊತ್ತಾಗದ ಹಾಗೆ ಸೆರೆಹಿಡಿದು ಗ್ಯಾಲರಿಯಲ್ಲಿ ಮಾರಿದರು. ಒಬ್ಬ ಹಿರಿಯರು ತಮ್ಮ ಧರ್ಮದ ನಂಬಿಕೆಗೆ ಇದು ವಿರುದ್ಧ ಅಂತ ದಾವೆ ಹೂಡಿದರು. 2006ರಲ್ಲಿ ಕೋರ್ಟ್ ಇದು ಕಲೆ, ವ್ಯಾಪಾರ ಅಲ್ಲ ಎಂದು ದಾವೆ ವಜಾ ಮಾಡಿತು. ಕಾನೂನಿನ ಲೆಕ್ಕದಲ್ಲಿ ತೀರ್ಪು ಸರಿ ಇರಬಹುದು. ಆ ಹಿರಿಯರ ನೋವೂ ಸಣ್ಣದಲ್ಲ ಅಲ್ವಾ? ಹಕ್ಕು ಇದೆ ಅಂದ ಮಾತ್ರಕ್ಕೆ ಎದುರಿನವರು ಬೇಡ ಅಂದಾಗ ಕೇಳಿಸಿಕೊಳ್ಳಬಾರದು ಅಂತೇನಿಲ್ಲ. ಹಂಗೆರಿ 2014ರಲ್ಲಿ ಜಾರಿಗೆ ಬಂದ ಹೊಸ ಸಿವಿಲ್ ಸಂಹಿತೆಯಲ್ಲಿ ಇನ್ನೂ ಮುಂದೆ ಹೋಗಿ, ಗುಂಪು ಮತ್ತು ಸಾರ್ವಜನಿಕ ಕಾರ್ಯಕ್ರಮಗಳನ್ನು ಬಿಟ್ಟರೆ, ಫೋಟೊ ತೆಗೆಯುವುದಕ್ಕೂ ಒಪ್ಪಿಗೆ ಬೇಕು ಎಂದಿತು. ಬೀದಿ ಫೋಟೊಗ್ರಾಫರ್‌ಗೆ ಇದು ಕೈ ಕಟ್ಟಿಹಾಕಿದ ಹಾಗೆ.

ಕ್ಲಿಕ್ಕಿಸುವುದೇ ನಿಜಕ್ಕೂ ತಪ್ಪು ಅನ್ನಬೇಕಾದ ಸಂದರ್ಭವೂ ಒಂದಿದೆ. ಬಟ್ಟೆಯೊಳಗೆ ಇಣುಕುವ, ಬೆತ್ತಲೆ ಮೈಯನ್ನು ಕದ್ದು ಸೆರೆಹಿಡಿಯುವ ಕ್ಯಾಮೆರಾ. ಹಳೆಯ ಕಾನೂನುಗಳು ಇದನ್ನು ಊಹಿಸಿರಲಿಲ್ಲ. 2014ರಲ್ಲಿ ಮ್ಯಾಸಚೂಸೆಟ್ಸ್‌ನ ಕೋರ್ಟ್, ರೈಲಿನಲ್ಲಿ ಮಹಿಳೆಯರ ಸ್ಕರ್ಟ್ ಕೆಳಗೆ ಫೋಟೊ ತೆಗೆದವನ ಮೇಲಿನ ಕೇಸು ಇದ್ದ ಕಾನೂನಿನಡಿ ನಿಲ್ಲುವುದಿಲ್ಲ ಎಂದಿತು. ಕೆಲವೇ ದಿನಗಳಲ್ಲಿ ಅಲ್ಲಿ ಹೊಸ ಕಾನೂನು ಬಂತು. ಇಂಗ್ಲೆಂಡ್ 2019ರಲ್ಲಿ ಕಾಯ್ದೆ ಮಾಡಿತು. ಭಾರತದಲ್ಲಿ 2013ರ ತಿದ್ದುಪಡಿಯಿಂದಲೇ ಮಹಿಳೆಯರನ್ನು ಖಾಸಗಿ ಕ್ಷಣದಲ್ಲಿ ಕದ್ದು ಚಿತ್ರಿಸುವುದು ಅಪರಾಧ. ಇದರಲ್ಲಿ ಫೋಟೊಗ್ರಾಫರ್‌ನ ಹಕ್ಕಿನ ಮಾತೇ ಬರುವುದಿಲ್ಲ.

2001ರ ಸೆಪ್ಟೆಂಬರ್ ದಾಳಿಯ ನಂತರ ಕ್ಯಾಮೆರಾ ಹಿಡಿದವರೆಲ್ಲ ಅನುಮಾನಕ್ಕೆ ಗುರಿಯಾದರು. ನ್ಯೂಯಾರ್ಕ್ ಸಬ್‌ವೇಯಲ್ಲಿ ಫೋಟೊ ನಿಷೇಧಿಸುವ ಪ್ರಸ್ತಾಪ 2004ರಲ್ಲಿ ಬಂತು, ವಿರೋಧದ ನಂತರ ಮರುವರ್ಷ ಕೈಬಿಟ್ಟರು. ಬ್ರಿಟನ್‌ನಲ್ಲಿ ಕಥೆ ಉದ್ದವಾಯಿತು. ಅಲ್ಲಿನ 2000ದ ಭಯೋತ್ಪಾದನಾ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ, ಗೊತ್ತುಮಾಡಿದ ಪ್ರದೇಶದಲ್ಲಿ ಪೊಲೀಸರು ಅನುಮಾನಕ್ಕೆ ಕಾರಣವೇ ಇಲ್ಲದೆ ಯಾರನ್ನಾದರೂ ತಡೆದು ತಪಾಸಣೆ ಮಾಡಬಹುದಿತ್ತು. ಕಟ್ಟಡಗಳ ಚಿತ್ರ ತೆಗೆಯುವವರು, ಪತ್ರಿಕಾ ಫೋಟೊಗ್ರಾಫರ್‌ಗಳು, ಪ್ರವಾಸಿಗರು ಎಲ್ಲರೂ ಇದರಲ್ಲಿ ಸಿಕ್ಕಿಬಿದ್ದರು. 2003ರಲ್ಲಿ ಲಂಡನ್‌ನ ಶಸ್ತ್ರಾಸ್ತ್ರ ಮೇಳದ ಹೊರಗೆ ತಡೆಯಲಾದ ಇಬ್ಬರು ಯುರೋಪಿನ ಮಾನವ ಹಕ್ಕುಗಳ ಕೋರ್ಟಿನವರೆಗೆ ಹೋದರು. ಅವರಲ್ಲಿ ಒಬ್ಬರು ಪ್ರತಿಭಟನೆ ಚಿತ್ರೀಕರಿಸಲು ಬಂದಿದ್ದ ಪತ್ರಕರ್ತೆ. 2010ರ ಜನವರಿಯಲ್ಲಿ ಕೋರ್ಟ್ ಈ ಅಧಿಕಾರ ಖಾಸಗಿ ಬದುಕಿನ ಹಕ್ಕನ್ನು ಮುರಿಯುತ್ತದೆ ಎಂದು ತೀರ್ಪಿತ್ತಿತು. ಅದೇ ತಿಂಗಳು ಸಾವಿರಾರು ಫೋಟೊಗ್ರಾಫರ್‌ಗಳು ಟ್ರಾಫಲ್ಗರ್ ಸ್ಕ್ವೇರ್‌ನಲ್ಲಿ ಸೇರಿ, ನಾವು ಫೋಟೊಗ್ರಾಫರ್‌ಗಳು, ಭಯೋತ್ಪಾದಕರಲ್ಲ ಎಂದು ಕೂಗಿದರು. ಆಮೇಲೆ ಆ ಸೆಕ್ಷನ್ ರದ್ದಾಯಿತು. ಈಗ ಲಂಡನ್ ಪೊಲೀಸರ ಸ್ವಂತ ಸೂಚನೆಯೇ ಹೇಳುತ್ತದೆ: ಸಾರ್ವಜನಿಕ ಜಾಗದಲ್ಲಿ ಚಿತ್ರೀಕರಿಸಲು ಯಾರಿಗೂ ಅನುಮತಿ ಬೇಡ, ಪೊಲೀಸರನ್ನೇ ಚಿತ್ರೀಕರಿಸಿದರೂ ತಡೆಯುವ ಅಧಿಕಾರ ಇಲ್ಲ.

ಪೊಲೀಸರನ್ನು ಚಿತ್ರೀಕರಿಸುವ ಹಕ್ಕು ಯಾಕೆ ಮುಖ್ಯ ಅನ್ನುವುದಕ್ಕೆ 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಡ್ನಿ ಕಿಂಗ್‌ಗೆ ಪೊಲೀಸರಿಂದ ಬಿದ್ದ ಏಟುಗಳ ವಿಡಿಯೊ ಸಾಕು. 2007ರಲ್ಲಿ ಬಾಸ್ಟನ್‌ನ ಪಾರ್ಕಿನಲ್ಲಿ ಪೊಲೀಸರು ಒಬ್ಬನನ್ನು ಬಂಧಿಸುವುದನ್ನು ಫೋನಿನಲ್ಲಿ ಸೆರೆಹಿಡಿದ ಸೈಮನ್ ಗ್ಲಿಕ್ ಎಂಬ ವಕೀಲರನ್ನೇ ಬಂಧಿಸಲಾಯಿತು. 2011ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಅವರ ಪರ ನಿಂತಿತು. 2020ರಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತದ್ದನ್ನು ಸೆರೆಹಿಡಿದದ್ದು 17 ವರ್ಷದ ಹುಡುಗಿಯ ಫೋನ್. ಅವಳು ಫುಟ್‌ಪಾತ್ ಮೇಲೆ ನಿಂತಿದ್ದಳು. ಯಾರ ಅಪ್ಪಣೆಯೂ ಬೇಕಿರದ ಜಾಗ ಅದು. ಆ ಜಾಗ ಇದ್ದದ್ದರಿಂದಲೇ ಜಗತ್ತಿಗೆ ಸತ್ಯ ಗೊತ್ತಾಯಿತು.

ಹಾಗಾದರೆ ಖಾಸಗಿ ಜಾಗದಲ್ಲಿ? ನಿಯಮ ನೋಡಲು ಸರಳ. ಜಾಗ ಯಾರದೋ, ಷರತ್ತು ಅವರದು. ಮಾಲ್, ಮ್ಯೂಸಿಯಂ, ಥಿಯೇಟರ್, ಸ್ಟೇಡಿಯಂ ಎಲ್ಲವೂ ಜನರನ್ನು ಒಳಗೆ ಬಿಟ್ಟುಕೊಳ್ಳುವುದು ತಮ್ಮ ಷರತ್ತಿನ ಮೇಲೆ. ಫೋಟೊ ಬೇಡ, ಟ್ರೈಪಾಡ್ ಬೇಡ ಅನ್ನಬಹುದು. ಒಪ್ಪದಿದ್ದರೆ ಹೊರಗೆ ಹೋಗಿ ಅನ್ನಬಹುದು. ಆಮೇಲೂ ನಿಂತರೆ ಅದು ಅತಿಕ್ರಮ ಪ್ರವೇಶ. ಆದರೆ ಗಾರ್ಡ್‌ನ ಅಧಿಕಾರ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಕ್ಯಾಮೆರಾ ಕಿತ್ತುಕೊಳ್ಳುವುದು, ಚಿತ್ರ ಡಿಲೀಟ್ ಮಾಡಿಸುವುದು, ಫೋನ್ ತೆರೆಸಿ ನೋಡುವುದು ಅವರ ಕೆಲಸವಲ್ಲ. ಅಮೆರಿಕದಲ್ಲಿ ಬಂಧಿತರ ಫೋನ್ ಜಾಲಾಡಲು ಪೊಲೀಸರಿಗೇ ವಾರಂಟ್ ಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊರಗಿನ ರಸ್ತೆಯಲ್ಲಿ ನಿಂತು ಅದೇ ಕಟ್ಟಡದ ಫೋಟೊ ತೆಗೆದರೆ ಮಾಲೀಕರು ತಡೆಯುವುದು ಬಹುತೇಕ ದೇಶಗಳಲ್ಲಿ ಕಷ್ಟ. ಕಾಪಿರೈಟ್ ಮಾತ್ರ ಬೇರೆ ವಿಷಯ. ಭಾರತ, ಬ್ರಿಟನ್, ಜರ್ಮನಿಯ ಕಾನೂನು ಬೀದಿಗೆ ಕಾಣುವ ಕಟ್ಟಡದ ಚಿತ್ರಕ್ಕೆ ಅವಕಾಶ ಕೊಡುತ್ತದೆ. ಫ್ರಾನ್ಸ್ ಅಷ್ಟು ಉದಾರಿ ಅಲ್ಲ. ಐಫೆಲ್ ಗೋಪುರ ಯಾರ ಕಾಪಿರೈಟಿಗೂ ಸೇರಿಲ್ಲ, ರಾತ್ರಿಯ ಬೆಳಕಿನ ವಿನ್ಯಾಸದ ಚಿತ್ರವನ್ನು ವ್ಯಾಪಾರಕ್ಕೆ ಬಳಸಲು ಮಾತ್ರ ಅಲ್ಲಿನ ಆಡಳಿತ ಅನುಮತಿ ಕೇಳುತ್ತದೆ.

ಈ ಸರಳ ನಿಯಮ ತೊಂದರೆ ಕೊಡುವುದು ಖಾಸಗಿ ಯಾವುದು, ಸಾರ್ವಜನಿಕ ಯಾವುದು ಅಂತ ಕಣ್ಣಿಗೆ ಗೊತ್ತಾಗದಿದ್ದಾಗ. ನ್ಯೂಯಾರ್ಕ್ 1961ರಲ್ಲಿ ವಲಯ ನಿಯಮ ಬದಲಿಸಿ, ಕಟ್ಟಡದ ಮುಂದೆ ಜನರಿಗೆ ಬಯಲು ಬಿಟ್ಟರೆ ಮೇಲೆ ಹೆಚ್ಚು ಮಹಡಿ ಕಟ್ಟಿಕೊಳ್ಳಲು ಬಿಟ್ಟಿತು. ಹೀಗೆ ಹುಟ್ಟಿದ ಜಾಗಗಳಲ್ಲಿ ಓಡಾಟ ಜನರದು, ಒಡೆತನ ಕಂಪನಿಯದು. 2011ರ ವಾಲ್‌ಸ್ಟ್ರೀಟ್ ಪ್ರತಿಭಟನೆ ನೆಲೆಯೂರಿದ ಜುಕೋಟಿ ಪಾರ್ಕ್ ಕೂಡ ಖಾಸಗಿ ಒಡೆತನದ್ದೇ. ಲಂಡನ್‌ನಲ್ಲಿ ಕನೇರಿ ವಾರ್ಫ್, ಗ್ರಾನರಿ ಸ್ಕ್ವೇರ್ ಇಂಥವು. ನಗರದ ಚುನಾಯಿತ ಆಡಳಿತ ಕೂರುತ್ತಿದ್ದ ಸಿಟಿ ಹಾಲ್‌ನ ಸುತ್ತಲಿನ ನೆಲವೇ ಖಾಸಗಿ ಕಂಪನಿಯದಾಗಿತ್ತು. ಹೊರಗೆ ನಿಂತು ಟಿವಿಗೆ ಮಾತಾಡುವುದಕ್ಕೂ ಮಾಲೀಕರ ಅಪ್ಪಣೆ ಬೇಕಾಗುತ್ತದೆ ಅಂತ ಅಲ್ಲಿನ ಸದಸ್ಯರೇ ದೂರಿದ್ದರು.

ಇಲ್ಲಿ ಬೆಂಚಿದೆ, ಮರ ಇದೆ, ಕಾರಂಜಿ ಇದೆ, ಮಕ್ಕಳು ಆಡುತ್ತಾರೆ. ಬೇಲಿ ಇಲ್ಲ, ಗೇಟಿಲ್ಲ. ಕ್ಯಾಮೆರಾ ಹೊರಗೆ ತೆಗೆದಾಗ ಮಾತ್ರ ಗಾರ್ಡ್ ಬಂದು ಇದು ಖಾಸಗಿ ಜಾಗ ಅನ್ನುತ್ತಾನೆ. ಯಾವ ಸಂಸತ್ತೂ ಚರ್ಚಿಸದ, ಯಾವ ಕೋರ್ಟೂ ನೋಡದ ನಿಯಮ ಅದು. 2017ರಲ್ಲಿ ಗಾರ್ಡಿಯನ್ ಪತ್ರಿಕೆ ಲಂಡನ್‌ನ ಇಂಥ ಸುಮಾರು 50 ಜಾಗಗಳನ್ನು ಪಟ್ಟಿಮಾಡಿ ನಿಮ್ಮ ನಿಯಮ ಏನು ಅಂತ ಕೇಳಿತು. ಬಹುತೇಕ ಮಾಲೀಕರು ಹೇಳಲೇ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ನಿಷೇಧ ಇದೆ ಅಂದರೆ ಬೋರ್ಡ್ ಹಾಕಲಿ, ಕಾರಣ ಹೇಳಲಿ. ಗುಟ್ಟಾಗಿಟ್ಟ ನಿಯಮವನ್ನು ಯಾರು ಪಾಲಿಸಲು ಸಾಧ್ಯ?

ಅಮೆರಿಕದ ಸುಪ್ರೀಂ ಕೋರ್ಟ್ ಈ ಪ್ರಶ್ನೆಯ ಹತ್ತಿರ ಬಂದು ಹಿಂದೆ ಸರಿದಿದೆ. 1946ರಲ್ಲಿ ಒಂದು ಕಂಪನಿಯೇ ಊರಿನ ಒಡೆಯನಾಗಿದ್ದ ಪ್ರಕರಣದಲ್ಲಿ, ಆ ಬೀದಿಗಳಲ್ಲೂ ವಾಕ್ ಸ್ವಾತಂತ್ರ್ಯ ಇದೆ ಎಂದಿತು. 1972ರಲ್ಲಿ ಮಾಲ್‌ಗಳಿಗೆ ಅದನ್ನು ಅನ್ವಯಿಸಲು ಒಪ್ಪಲಿಲ್ಲ. 1980ರಲ್ಲಿ, ರಾಜ್ಯಗಳು ಬೇಕಿದ್ದರೆ ತಮ್ಮ ಸಂವಿಧಾನದಡಿ ಹೆಚ್ಚಿನ ಹಕ್ಕು ಕೊಡಲಿ ಅಂದಿತು. ಇವೆಲ್ಲ ಕರಪತ್ರ, ಸಹಿ ಸಂಗ್ರಹದ ಕೇಸುಗಳು. ಕ್ಯಾಮೆರಾಕ್ಕೂ ಅದೇ ತರ್ಕ ಸಲ್ಲಬೇಕು ಅನ್ನುವವರಲ್ಲಿ ನಾನೂ ಒಬ್ಬ.

2021ರಲ್ಲಿ ಲಂಡನ್ ಮೇಯರ್ ಕಚೇರಿ ಪಬ್ಲಿಕ್ ಲಂಡನ್ ಚಾರ್ಟರ್ ಎಂಬ ಸನ್ನದನ್ನು ಹೊರತಂದಿತು. ಒಡೆತನ ಯಾರದೇ ಇರಲಿ, ಜನ ಓಡಾಡುವ ಜಾಗದಲ್ಲಿ ನಿರ್ಬಂಧಗಳು ಆದಷ್ಟು ಕಡಿಮೆ ಇರಬೇಕು, ನಿಯಮಗಳು ಎಲ್ಲರಿಗೂ ಗೊತ್ತಿರಬೇಕು ಅನ್ನುವುದು ಅದರ ತಿರುಳು. ಅನ್ವಯ ಮಾತ್ರ ಹೊಸದಾಗಿ ಕಟ್ಟುವ ಜಾಗಗಳಿಗೆ. ಆಗಲೇ ಕಟ್ಟಿ ಮುಗಿಸಿದ ಚೌಕಗಳಲ್ಲಿ ಹಳೆಯ ಷರತ್ತುಗಳೇ ನಡೆಯುತ್ತಿವೆ.