ಸಮ್ಮಿಳನದ ಕಾವು ಸೋರುವುದೆಲ್ಲಿ? ಎಂ.ಎಸ್ಸಿ. ಗೆಳೆಯರಿಗೊಂದು ಟಿಪ್ಪಣಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಹಾದುಹೋದವರು ನೋಡಿರುತ್ತೀರಿ. ಕಾದ ಮರಳಿಗೆ ಬಿದ್ದದ್ದೇ ತಡ, ಅಕ್ಕಿ ಅರಳುತ್ತದೆ. ಅಲ್ಲಿ ಬೆಂಕಿ ಹಚ್ಚುವುದು ದೊಡ್ಡ ವಿಷಯವಲ್ಲ, ಮರಳಿನ ಕಾವು ಇಳಿಯದಂತೆ ನೋಡಿಕೊಳ್ಳುವುದೇ ಕೆಲಸ. ಬೈಜಿಕ ಸಮ್ಮಿಳನದ, ಅಂದರೆ ಹಗುರ ಪರಮಾಣುಗಳ ಬೀಜಗಳು ಕೂಡಿ ಶಕ್ತಿ ಹೊಮ್ಮಿಸುವ ಕ್ರಿಯೆಯ, ಪಾಠದಲ್ಲಿ ನಾನು ಮೊದಲು ಎಡವಿದ್ದು ಇಲ್ಲೇ. ಅದಕ್ಕೆ 15 ಕೋಟಿ ಡಿಗ್ರಿ ಸೆಲ್ಸಿಯಸ್ ಬೇಕೆಂದು ಓದಿ, ಅಷ್ಟು ಬಿಸಿ ಮಾಡುವುದೇ ಸವಾಲು ಅಂದುಕೊಂಡಿದ್ದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದ ಟಿಎಫ್‌ಟಿಆರ್ ಎಂಬ ಸಮ್ಮಿಳನ ಯಂತ್ರ 1995ರಲ್ಲೇ 51 ಕೋಟಿ ಡಿಗ್ರಿ ಮುಟ್ಟಿತ್ತು. ತಿಣುಕಾಟ ಇರುವುದು ಆ ಕಾವನ್ನು ಹಿಡಿದಿಡುವುದರಲ್ಲಿ.

ಸೂರ್ಯನ ಒಡಲಲ್ಲಿ ಬರೀ 1.5 ಕೋಟಿ ಡಿಗ್ರಿ. ಹಾಗಾದರೆ ನಮಗೇಕೆ ಅದರ ಹತ್ತು ಪಟ್ಟು? ಸೂರ್ಯನ ಕೇಂದ್ರದ ಒಂದು ಘನ ಮೀಟರಿನಲ್ಲಿ ಹುಟ್ಟುವ ಶಕ್ತಿ 300 ವ್ಯಾಟ್‌ಗಿಂತಲೂ ಕಡಿಮೆ, ಮನೆಯ ಮಿಕ್ಸಿಗೂ ಸಾಲದು. ಗಾತ್ರದ ಬಲದಿಂದ ಅವನ ಸಂಸಾರ ನಡೆಯುತ್ತದೆ. ನಮಗೆ ಆ ಗಾತ್ರವಿಲ್ಲ, ಹಾಗಾಗಿ ಬೇಗ ಕೂಡುವ ಜೋಡಿ ಬೇಕು: ಜಲಜನಕದ ಭಾರದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ. ಅವೂ ಸಾಕಷ್ಟು ಬೇಗ ಕೂಡಲು ಆ 15 ಕೋಟಿ ಡಿಗ್ರಿ ಬೇಕು. ಇವು ಕೂಡಿದರೆ 17.6 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿ ಬರುತ್ತದೆ. ಅದರಲ್ಲಿ 3.5 ಹೀಲಿಯಂ ಪಾಲು, 14.1 ನ್ಯೂಟ್ರಾನ್ ಪಾಲು. ಈ ಪಾಲುಪಟ್ಟಿ ಬಾಯಿಪಾಠ ಮಾಡಿ, ಮುಂದಿನ ತಲೆನೋವೆಲ್ಲ ಇದರಿಂದಲೇ ಶುರು.

ಲಾಸನ್ ಮಾನದಂಡ ಗೊತ್ತೇ ಇದೆ: ಸಮ್ಮಿಳನದಿಂದ ಲಾಭ ಸಿಗಬೇಕಾದರೆ ಸಾಂದ್ರತೆ, ತಾಪ, ಕಾವು ನಿಲ್ಲುವ ಅವಧಿ, ಮೂರರ ಗುಣಲಬ್ಧ ಒಂದು ಮಟ್ಟ ದಾಟಬೇಕು. ಸೂತ್ರಕ್ಕಿಂತ ಮೂರನೆಯ ಪದದ ಅರ್ಥ ಮುಖ್ಯ. ಅದು ಯಂತ್ರ ಎಷ್ಟು ಹೊತ್ತು ಓಡಿತು ಎಂಬುದಲ್ಲ, ಒಳಗಿನ ಕಾವು ಎಷ್ಟು ನಿಧಾನ ಸೋರುತ್ತದೆ ಎಂಬುದು. ಇದನ್ನು ಗೊಂದಲ ಮಾಡಿಕೊಂಡು ನಾನು ಇಂಟರ್ನಲ್ಸ್‌ನಲ್ಲಿ ಅಂಕ ಕಳೆದುಕೊಂಡೆ.

ಸೋರುವುದು ಹೇಗೆ? ಇಷ್ಟು ಕಾವಿನಲ್ಲಿ ಅನಿಲವು ಪ್ಲಾಸ್ಮಾ ಆಗಿರುತ್ತದೆ, ಅಂದರೆ ವಿದ್ಯುದಾವೇಶ ಇರುವ ಕಣಗಳ ರಾಶಿ. ಈ ಕಣಗಳು ಕಾಂತೀಯ ರೇಖೆಗಳಿಗೆ ಸುತ್ತಿಕೊಂಡು ಓಡುತ್ತವೆ. ರೇಖೆಗಳನ್ನು ಉದ್ದಿನ ವಡೆಯ ಆಕಾರಕ್ಕೆ ಬಾಗಿಸಿದರೆ ತುದಿಯೇ ಇಲ್ಲ, ತುದಿಯಿಂದ ತಪ್ಪಿಸಿಕೊಳ್ಳುವ ಮಾತೂ ಇಲ್ಲ. ಆದರೆ ಬಾಗಿಸಿದ ಕೂಡಲೇ ಒಳಬದಿಯಲ್ಲಿ ಕ್ಷೇತ್ರ ಬಲ, ಹೊರಬದಿಯಲ್ಲಿ ದುರ್ಬಲ. ಕಣಗಳು ಪಕ್ಕಕ್ಕೆ ಜಾರುತ್ತವೆ. ಅದಕ್ಕೆ ಪ್ಲಾಸ್ಮಾದೊಳಗೇ ವಿದ್ಯುತ್ ಹರಿಸಿ, ರೇಖೆಗಳನ್ನು ಹಗ್ಗದಂತೆ ಹುರಿಗೊಳಿಸುತ್ತಾರೆ. ಇದೇ ರಷ್ಯನ್ನರ ಟೋಕಮಾಕ್. 1968ರಲ್ಲಿ ಅವರು ಹೇಳಿದ ತಾಪವನ್ನು ಪಶ್ಚಿಮದವರು ನಂಬಲಿಲ್ಲ. ಮರುವರ್ಷ ಬ್ರಿಟಿಷ್ ತಂಡ ಲೇಸರ್ ಸಮೇತ ಮಾಸ್ಕೋಗೆ ಹೋಗಿ ಅಳೆದು ಒಪ್ಪಿತು. ಶೀತಲ ಸಮರದ ನಡುವೆ! ಆದರೂ ಸೋರಿಕೆ ನಿಂತಿಲ್ಲ. ದುರ್ಗದ ಕೋಟೆಗೆ ಏಳು ಸುತ್ತು, ಆದರೂ ಹೈದರನ ಸೈನಿಕರು ನುಸುಳಿದ್ದು ಒಂದು ಕಿಂಡಿಯಲ್ಲಿ. ಪ್ಲಾಸ್ಮಾದಲ್ಲಿ ಅಂಥ ಕಿಂಡಿಗಳನ್ನು ತೆರೆಯುವುದು ಪ್ರಕ್ಷುಬ್ಧತೆ: ಸಣ್ಣ ಸಣ್ಣ ಸುಳಿಗಳು ಕಾವನ್ನು ಹೊರಗೆ ಸಾಗಿಸುತ್ತವೆ. ಒಮ್ಮೊಮ್ಮೆ ಒಳಗಿನ ವಿದ್ಯುತ್ತೇ ಹಠಾತ್ತನೆ ಕುಸಿದು, ಇಡೀ ಶಕ್ತಿ ಗೋಡೆಗೆ ಬಡಿಯುತ್ತದೆ.

ಕ್ಯೂ ಅಂಶದ, ಅಂದರೆ ಕೊಟ್ಟ ಶಕ್ತಿಯ ಎಷ್ಟು ಪಟ್ಟು ಸಮ್ಮಿಳನ ಶಕ್ತಿ ಬಂತು ಎಂಬುದರ, ಬಗ್ಗೆ ಒಂದು ಎಚ್ಚರಿಕೆ. ಕ್ಯಾಲಿಫೋರ್ನಿಯಾದ ಲೇಸರ್ ಸಮ್ಮಿಳನ ಕೇಂದ್ರ ಎನ್‌ಐಎಫ್ 2022ರ ಡಿಸೆಂಬರ್ 5ರಂದು 2.05 ಮೆಗಾಜೌಲ್ ಲೇಸರ್ ಶಕ್ತಿ ಕೊಟ್ಟು 3.15 ಮೆಗಾಜೌಲ್ ಪಡೆಯಿತು. ನಿಜವಾದ ಸಾಧನೆ. ಈಗ ಕರೆಂಟ್ ಬಿಲ್ಲಿನ ಲೆಕ್ಕ ಹಾಕಿ: 3.15 ಮೆಗಾಜೌಲ್ ಅಂದರೆ ಒಂದು ಯೂನಿಟ್ಟೂ ಇಲ್ಲ. ಆ ಲೇಸರ್ ಹೊಡೆಯಲು ಗ್ರಿಡ್‌ನಿಂದ ಎಳೆದದ್ದು ಸುಮಾರು 300 ಮೆಗಾಜೌಲ್, ಅಂದರೆ 80ಕ್ಕೂ ಹೆಚ್ಚು ಯೂನಿಟ್. ಫ್ರಾನ್ಸ್‌ನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಟೋಕಮಾಕ್ ಐಟರ್‌ನ ಗುರಿ 50 ಮೆಗಾವ್ಯಾಟ್ ಕೊಟ್ಟು 500 ಪಡೆಯುವುದು. ಅದೂ ಪ್ಲಾಸ್ಮಾಕ್ಕೆ ಕೊಟ್ಟ ಶಾಖದ ಲೆಕ್ಕ, ಅದರಿಂದ ವಿದ್ಯುತ್ ತಯಾರಿಸುವುದಿಲ್ಲ. ಅದರ ಹೊರಗವಚ, ಕ್ರಯೋಸ್ಟಾಟ್, ತಯಾರಾದದ್ದು ಗುಜರಾತಿನ ಹಜೀರಾದಲ್ಲಿ. ಡ್ಯೂಟೀರಿಯಂ-ಟ್ರಿಟಿಯಂ ಹಾಕಿ ನಡೆಸುವುದು 2039ಕ್ಕೆ ಎಂಬುದು ಈಗಿನ ಯೋಜನೆ. ಹೋಮಿ ಭಾಭಾ 1955ರಲ್ಲಿ ಜಿನೀವಾದಲ್ಲಿ ಎರಡು ದಶಕಗಳೊಳಗೆ ದಾರಿ ಸಿಗುತ್ತದೆ ಎಂದಿದ್ದರು. ಸಮ್ಮಿಳನದ ವಾಯಿದೆಗಳ ಪರಂಪರೆ ದೊಡ್ಡದು.

ನನ್ನ ಪ್ರಕಾರ ಎಲ್ಲಕ್ಕಿಂತ ಬಿಗಿಯಾದ ಗಂಟು ಟ್ರಿಟಿಯಂ. ಡ್ಯೂಟೀರಿಯಂ ನೀರಿನಲ್ಲೇ ಇದೆ. ಟ್ರಿಟಿಯಂ ಪ್ರಕೃತಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಭಾರಜಲದ ರಿಯಾಕ್ಟರ್‌ಗಳಲ್ಲಿ ಒಂದಿಷ್ಟು ಹುಟ್ಟುತ್ತದೆ, ಕಣಜದಲ್ಲಿ ಇಟ್ಟರೂ 12.3 ವರ್ಷಕ್ಕೆ ಅರ್ಧ ಖಾಲಿ. 1000 ಮೆಗಾವ್ಯಾಟ್ ಸಮ್ಮಿಳನ ಶಕ್ತಿ ವರ್ಷವಿಡೀ ಬೇಕಾದರೆ ಸುಮಾರು 55 ಕಿಲೋ ಟ್ರಿಟಿಯಂ ಉರಿಯಬೇಕು. ಹಾಗಾಗಿ ಸ್ಥಾವರ ತನ್ನದನ್ನು ತಾನೇ ಬೆಳೆದುಕೊಳ್ಳಬೇಕು: ಸುತ್ತಲೂ ಲಿಥಿಯಂ ಹೊದಿಕೆ ಇಟ್ಟರೆ, ನ್ಯೂಟ್ರಾನ್ ತಾಗಿ ಟ್ರಿಟಿಯಂ ಆಗುತ್ತದೆ. ಭದ್ರಾ ನಾಲೆಯ ಭತ್ತದ ರೈತ ಒಂದು ಚೀಲ ಬಿತ್ತಿ ಒಂದೇ ಚೀಲ ಬೆಳೆದರೆ ಏನಾದೀತು? ಇಲ್ಲಿ ಪರಿಸ್ಥಿತಿ ಹಾಗೇ. ಒಂದು ಟ್ರಿಟಿಯಂ ಉರಿದರೆ ಒಂದೇ ನ್ಯೂಟ್ರಾನ್, ಒಂದು ನ್ಯೂಟ್ರಾನಿಗೆ ಹೆಚ್ಚುಕಡಿಮೆ ಒಂದೇ ಟ್ರಿಟಿಯಂ, ನಡುವೆ ಯಂತ್ರದ ಉಕ್ಕು ಒಂದಷ್ಟು ನ್ಯೂಟ್ರಾನ್ ನುಂಗುವುದು ಬೇರೆ. ನಷ್ಟ ತುಂಬಲು ಸೀಸ ಅಥವಾ ಬೆರಿಲಿಯಂ ಸೇರಿಸಿ ನ್ಯೂಟ್ರಾನ್‌ಗಳನ್ನು ಹೆಚ್ಚಿಸಿಕೊಳ್ಳಬೇಕು. ಕಾಗದದ ಮೇಲೆ ಲೆಕ್ಕ ಒಂದಕ್ಕಿಂತ ತುಸು ಮೇಲೆ ಬರುತ್ತದೆ. ಪೂರ್ಣ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಇನ್ನೂ ಇಲ್ಲ.

ಆವೇಶವಿಲ್ಲದ ನ್ಯೂಟ್ರಾನ್ ಕಾಂತಕ್ಕೆ ಬಗ್ಗುವುದಿಲ್ಲ, ನೇರ ಗೋಡೆಗೆ ನುಗ್ಗುತ್ತದೆ. ಲೋಹದ ಪರಮಾಣುಗಳನ್ನು ಜಾಗದಿಂದ ಎಗರಿಸುತ್ತದೆ, ಒಳಗೆ ಹೀಲಿಯಂ ಗುಳ್ಳೆ ಹುಟ್ಟಿಸುತ್ತದೆ. ಮಂಡಕ್ಕಿಯಷ್ಟಲ್ಲದಿದ್ದರೂ ಲೋಹ ಉಬ್ಬಿ ಪೆಡಸಾಗುತ್ತದೆ. ಯಾವ ಉಕ್ಕು ಎಷ್ಟು ವರ್ಷ ತಾಳೀತು ಎಂದು ಪರೀಕ್ಷಿಸಲು ಅಷ್ಟು ತೀವ್ರವಾದ 14 ಮೆಗಾ ಎಲೆಕ್ಟ್ರಾನ್ ವೋಲ್ಟ್ ನ್ಯೂಟ್ರಾನ್ ಮೂಲವೇ ಬೇಕು. ಅಂಥದ್ದೊಂದನ್ನು ಸ್ಪೇನಿನ ಗ್ರನಾಡಾ ಬಳಿ ಈಗಷ್ಟೇ ಕಟ್ಟುತ್ತಿದ್ದಾರೆ.